ಪುಷ್ಟಿಪುಡಿಯ ದೊಡ್ಡ ಡಬ್ಬಿ: ಯಾವಾಗ ಲಾಭ, ಯಾವಾಗ ನಷ್ಟ?



ಗಡಿಯ ಊರುಗಳಲ್ಲಿ ಒಂದೇ ಬಗೆಯ ಹಿಟ್ಟಿಗೆ ಎಷ್ಟೊಂದು ಹೆಸರು ನೋಡಿ. ರಾಗಿಯನ್ನು ಹುರಿದು ಅರಳಿಸಿ ಬೀಸಿದರೆ ಹುರಿಹಿಟ್ಟು, ಮೊಳಕೆ ಕಟ್ಟಿ ಬೀಸಿದರೆ ರಾಗಿ ಮಾಲ್ಟು. ನಾಲ್ಕಾರು ಧಾನ್ಯ, ಬೇಳೆ ಬೆರೆತರೆ ಹೊಸೂರಿನ ಅಂಗಡಿಯಲ್ಲಿ ಅದು ಸತ್ತುಮಾವು. ಸೊಲ್ಲಾಪುರದ ಅಂಗಡಿಯಲ್ಲಿ ರಾಗಿಯೇ ನಾಚಣಿ ಸತ್ವ ಎಂಬ ಹೆಸರಿನಲ್ಲಿ ಕುಳಿತಿರುತ್ತದೆ. ಇವುಗಳ ಪಕ್ಕದಲ್ಲೇ ಹಾಲಿಗೆ ಬೆರೆಸುವ ಚಾಕಲೇಟು ಬಣ್ಣದ ಪುಡಿಗಳು, ಪ್ರೋಟೀನ್ ಪುಡಿಯ ಡಬ್ಬಿಗಳು. 2023ನೆಯ ವರ್ಷವನ್ನು ವಿಶ್ವಸಂಸ್ಥೆಯವರು ಸಿರಿಧಾನ್ಯ ವರ್ಷವೆಂದು ಸಾರಿದ ಮೇಲಂತೂ ಸಣ್ಣ ಹಳ್ಳಿಯ ಕಿರಾಣಿ ಅಂಗಡಿಯಲ್ಲಿಯೂ ಇಂಥ ಪೊಟ್ಟಣಗಳ ಸಾಲು ಬೆಳೆದಿದೆ. ಇವನ್ನೆಲ್ಲ ಸೇರಿಸಿ ಇವತ್ತಿನ ಮಟ್ಟಿಗೆ ಪುಷ್ಟಿಪುಡಿ ಎಂದು ಕರೆಯೋಣ.

ಹಾಲಿನ ಬಟವಾಡೆ ಆದ ದಿನವೋ, ಸಂತೆಯ ದಿನವೋ ನೀವು ಅಂಗಡಿಯ ಮುಂದೆ ನಿಂತಿದ್ದೀರಿ. ಅರ್ಧ ಕಿಲೋ ಪೊಟ್ಟಣ ಒಂದಿದೆ, ಎರಡು ಕಿಲೋ ಡಬ್ಬಿ ಒಂದಿದೆ. ಅಂಗಡಿಯವರು ದೊಡ್ಡದನ್ನೇ ತೋರಿಸಿ, "ಅಕ್ಕಾ, ಇದನ್ನೇ ತೊಗೊಳ್ಳಿ, ಉಳಿತಾಯ ಆಗ್ತದೆ" ಎನ್ನುತ್ತಾರೆ. ಅವರು ಹೇಳುವುದು ಸುಳ್ಳೇನಲ್ಲ. ಆದರೆ ಉಳಿತಾಯ ಆಗುವುದೋ ಇಲ್ಲವೋ ಎಂಬುದು ನಿಮ್ಮ ಮನೆಯಲ್ಲಿ ಆ ಪುಡಿ ಎಷ್ಟು ದಿನದಲ್ಲಿ ಖರ್ಚಾಗುತ್ತದೆ ಎಂಬುದರ ಮೇಲಿದೆ. ಅದು ಅಂಗಡಿಯವರಿಗೆ ಗೊತ್ತಿರುವ ಸಂಗತಿಯಲ್ಲ.

ಕಾಗದ, ಪೆನ್ಸಿಲ್ ಹತ್ತಿರವಿದ್ದರೆ ತೆಗೆದುಕೊಳ್ಳಿ. ಇಲ್ಲಿ ಹೇಳುವ ಬೆಲೆ ಬರಿ ಲೆಕ್ಕಕ್ಕಾಗಿ. ಅರ್ಧ ಕಿಲೋಗೆ 260 ರೂಪಾಯಿ ಎಂದುಕೊಳ್ಳಿ, ಅಂದರೆ ಗ್ರಾಮಿಗೆ 52 ಪೈಸೆ. ಎರಡು ಕಿಲೋ ಡಬ್ಬಿಗೆ 880 ರೂಪಾಯಿ, ಅಂದರೆ ಗ್ರಾಮಿಗೆ 44 ಪೈಸೆ. ನಾಲ್ಕು ಸಣ್ಣ ಪೊಟ್ಟಣ ಕೊಂಡರೆ 1,040 ರೂಪಾಯಿ ಆಗುತ್ತಿತ್ತು, ದೊಡ್ಡ ಡಬ್ಬಿಯಿಂದ 160 ರೂಪಾಯಿ ಉಳಿಯಿತು. ಈಗ ಡಬ್ಬಿಯ ತಳದಲ್ಲಿ ಕೊನೆಯ 400 ಗ್ರಾಂ ಗಟ್ಟಿಕಟ್ಟಿ, ಮುಗ್ಗಲು ವಾಸನೆ ಬಂದು ದನದ ಕಲಗಚ್ಚಿಗೆ ಹೋಯಿತು ಎನ್ನಿ. ನೀವು ತಿಂದದ್ದು 1,600 ಗ್ರಾಂ, ಕೊಟ್ಟ ಹಣ 880 ರೂಪಾಯಿ. ಗ್ರಾಮಿಗೆ 55 ಪೈಸೆ ಬಿತ್ತು. ಸಣ್ಣ ಪೊಟ್ಟಣಕ್ಕಿಂತ ದುಬಾರಿಯಾಯಿತು. ಐದರಲ್ಲಿ ಒಂದು ಪಾಲು ಕೆಟ್ಟರೆ ಸಾಕು, ಉಳಿತಾಯವೆಲ್ಲ ಹೋಗಿ ಕೈಯಿಂದಲೂ ಸ್ವಲ್ಪ ಹೋಗುತ್ತದೆ.

ಹಾಗಾದರೆ ಮೊದಲು ಕೇಳಿಕೊಳ್ಳಬೇಕಾದ್ದು, ಹೋದ ಸಲ ತಂದ ಅರ್ಧ ಕಿಲೋ ನಮ್ಮ ಮನೆಯಲ್ಲಿ ಎಷ್ಟು ದಿನ ಬಂತು? ಮೂವರು ಮಕ್ಕಳು, ಇಬ್ಬರು ವಯಸ್ಸಾದವರು ಇರುವ ಮನೆಯಲ್ಲಿ ಒಂದು ವಾರ ಬಂದಿರಬಹುದು. ಅಂಥವರಿಗೆ ಎರಡು ಕಿಲೋ ನಾಲ್ಕು ವಾರದಲ್ಲಿ ಮುಗಿಯುತ್ತದೆ, ದೊಡ್ಡ ಡಬ್ಬಿ ಲಾಭವೇ. ಅಜ್ಜಿ ಒಬ್ಬರೇ ರಾತ್ರಿ ಒಂದು ಲೋಟ ಕುಡಿಯುವ ಮನೆಯಲ್ಲಿ ಅರ್ಧ ಕಿಲೋ ಇಪ್ಪತ್ತೈದು ದಿನ ಬಂದರೆ ಎರಡು ಕಿಲೋ ನೂರು ದಿನ ಬರುತ್ತದೆ. ಮುಚ್ಚಳ ತೆರೆದ ಡಬ್ಬಿಯನ್ನು ನೂರು ದಿನ ಇಡುವುದು ಒಳ್ಳೆಯದಲ್ಲ. ತೆರೆದ ಮೇಲೆ ಒಂದು ತಿಂಗಳಲ್ಲಿ ಮುಗಿಯುವಷ್ಟು, ಮಳೆಗಾಲವಾದರೆ ಮೂರು ವಾರದಲ್ಲಿ ಮುಗಿಯುವಷ್ಟು ಕೊಳ್ಳಿ. ಇದು ನಾನು ಹೇಳುವ ಸ್ಥೂಲವಾದ ಅಳತೆ. ಪೊಟ್ಟಣದ ಮೇಲೆ 'ತೆರೆದ ಮೇಲೆ ಇಂತಿಷ್ಟು ದಿನದಲ್ಲಿ ಬಳಸಿ' ಎಂದು ಬರೆದಿದ್ದರೆ ಅದನ್ನೇ ಹಿಡಿಯಿರಿ. ಅಲ್ಲೇ ದಪ್ಪಕ್ಷರದಲ್ಲಿ ಅಚ್ಚಾದ ದೂರದ ತಾರೀಕು ತೆರೆಯದ ಪೊಟ್ಟಣಕ್ಕೆ ಮಾತ್ರ ಸಂಬಂಧಿಸಿದ್ದು. ಬಹಳ ಜನ ಇಲ್ಲಿಯೇ ತಪ್ಪುತ್ತಾರೆ.

ಪುಡಿ ಯಾಕೆ ಇಷ್ಟು ಬೇಗ ಕೆಡುತ್ತದೆ? ಇಡಿ ಕಾಳಿಗೆ ದೇವರು ಕೊಟ್ಟ ಸಿಪ್ಪೆ ಇದೆ. ಒಳಗಿನ ಎಣ್ಣೆಯ ಅಂಶಕ್ಕೆ ಗಾಳಿ ತಾಗದಂತೆ ಅದು ಕಾಯುತ್ತದೆ. ಬೀಸಿದ ಕೂಡಲೆ ಆ ಕಾವಲು ಹೋಯಿತು. ಕಾಳಿನೊಳಗೇ ಇರುವ ಕೆಲವು ಕಿಣ್ವಗಳು ಎಣ್ಣೆಯನ್ನು ಒಡೆಯಲು ತೊಡಗುತ್ತವೆ, ಹೊರಗಿನ ಗಾಳಿ ಅದಕ್ಕೆ ಕೈಜೋಡಿಸುತ್ತದೆ. ಆಗಲೇ ಕಮಟು ವಾಸನೆ, ನಾಲಿಗೆಗೆ ಕಹಿ. ಜತ್ತ, ಅಕ್ಕಲಕೋಟೆ ಕಡೆಯ ತಾಯಂದಿರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಜೋಳದ ಹಿಟ್ಟು ಕೆಲವು ದಿನ ತಡೆದೀತು, ಸಜ್ಜಿ ಹಿಟ್ಟು ಮಾತ್ರ ಬೇಗ ಕಹಿಯಾಗುತ್ತದೆ ಎಂದು ಅವರು ಸಂಕ್ರಾಂತಿಯ ಸಜ್ಜಿ ರೊಟ್ಟಿಗೆ ಬೇಕಾದಷ್ಟನ್ನೇ ಬೀಸಿಸುತ್ತಾರೆ. ಕಾರಣ ಎಣ್ಣೆ. ನೂರು ಗ್ರಾಂ ಸಜ್ಜೆಯಲ್ಲಿ ಸುಮಾರು 5 ಗ್ರಾಂ ಎಣ್ಣೆ, ರಾಗಿಯಲ್ಲಿ 2 ಗ್ರಾಮಿಗಿಂತಲೂ ಕಡಿಮೆ. ಶೇಂಗಾದಲ್ಲಿ 40ರ ಹತ್ತಿರ, ಗೋಡಂಬಿಯಲ್ಲಿ 45ರ ಆಸುಪಾಸು, ಬಾದಾಮಿಯಲ್ಲಿ ಇನ್ನೂ ಹೆಚ್ಚು. ಬರಿ ರಾಗಿಯ ಪುಡಿ ತಡೆಯುವಷ್ಟು ದಿನ ಬಾದಾಮಿ, ಗೋಡಂಬಿ ಬೆರೆತ ಪುಡಿ ತಡೆಯುವುದಿಲ್ಲ. 'ಹೆಚ್ಚು ಪುಷ್ಟಿ' ಎಂದು ದುಬಾರಿ ಬೆಲೆಗೆ ಮಾರುವ ಪುಡಿಯೇ ಹೆಚ್ಚು ಬೇಗ ಕೆಡುವಂಥದ್ದು. ಅದನ್ನು ದೊಡ್ಡ ಡಬ್ಬಿಯಲ್ಲಿ ತರುವ ಮುಂಚೆ ಎರಡು ಸಲ ಯೋಚಿಸಿ. ಅಗಸೆಯ ಪುಡಿಯೂ ಹೀಗೆಯೇ. ಅಗಸಿ ಚಟ್ನಿ, ಗುರೆಳ್ಳಿನ ಚಟ್ನಿಯನ್ನು ಹದಿನೈದು ದಿನಕ್ಕಾಗುವಷ್ಟು ಮಾತ್ರ ಕುಟ್ಟುವ ಮನೆಯಲ್ಲಿ, ಅಗಸೆ ಬೆರೆತ ಪುಷ್ಟಿಪುಡಿಯನ್ನು ಆರು ತಿಂಗಳಿಗೆ ತಂದಿಡುವುದು ಸೋಜಿಗವಲ್ಲವೆ? ಹಾಲಿನ ಪುಡಿಯಲ್ಲಿಯೂ ಕೆನೆ ತೆಗೆದದ್ದು ಹೆಚ್ಚು ದಿನ ತಡೆಯುತ್ತದೆ, ಕೆನೆಯಿರುವುದು ಕಡಿಮೆ ದಿನ.

ಊರಿನ ಹವೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕಾಸರಗೋಡಿನಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಪ್ಪಳವೇ ಮೆತ್ತಗಾಗುವಾಗ, ಸಕ್ಕರೆ ಬೆರೆತ ಪುಡಿ ಗಾಳಿಯ ತೇವವನ್ನು ಹೀರಿ ಕಲ್ಲಾಗುತ್ತದೆ. ವಯನಾಡಿನ, ನೀಲಗಿರಿಯ ಥಂಡಿಯಲ್ಲಿಯೂ ಅದೇ ಕಥೆ. ಅಲ್ಲಿಯವರು ಮಳೆ ಹಿಡಿಯುವ ಮುಂಚೆ ದೊಡ್ಡ ಡಬ್ಬಿ ತಂದಿಡುವುದು ಬೇಡ. ಸೊಲ್ಲಾಪುರದಲ್ಲಿ, ಆದೋನಿಯಲ್ಲಿ ತೇವದ ಕಾಟ ಕಡಿಮೆ, ಆದರೆ ಏಪ್ರಿಲ್-ಮೇ ತಿಂಗಳ ನಲವತ್ತು ಡಿಗ್ರಿ ದಾಟುವ ಬಿಸಿಲಿಗೆ ತಗಡಿನ ಮಾಡಿನ ಕೆಳಗಿನ ಡಬ್ಬಿಯಲ್ಲಿ ಎಣ್ಣೆಯ ಅಂಶ ಬೇಗ ಕಮಟಾಗುತ್ತದೆ. ಅಲ್ಲಿ ದೀಪಾವಳಿಯಿಂದ ಶಿವರಾತ್ರಿಯವರೆಗಿನ ಕಾಲ ಪುಡಿ ಕೂಡಿಡಲು ಒಳ್ಳೆಯದು.

ಇಷ್ಟು ಕೇಳಿದ ಮೇಲೆ, ಕೂಡಿಡಬೇಕಾದದ್ದು ಪುಡಿಯನ್ನೋ ಕಾಳನ್ನೋ ಎಂಬ ಪ್ರಶ್ನೆ ನಿಮಗೇ ಹೊಳೆದಿರಬಹುದು. ನಮ್ಮ ಹಿರಿಯರು ನೆಲದೊಳಗಿನ ಹಗೇವುಗಳಲ್ಲಿ ರಾಗಿಯನ್ನು ವರ್ಷಗಟ್ಟಲೆ ಇಟ್ಟು ಬರಗಾಲ ದಾಟುತ್ತಿದ್ದರು. ರಾಗಿ ಹಿಟ್ಟನ್ನು ಹಾಗೆ ಯಾರೂ ಇಡಲಿಲ್ಲ. ಸಗಟಾಗಿ ಕೊಳ್ಳುವ ಮನಸ್ಸಿದ್ದರೆ ರಾಗಿಯ ಕಾಳನ್ನೇ ಕೊಳ್ಳಿ. ಹೊಸೂರು, ತಾಳವಾಡಿ, ಮಡಕಶಿರಾ ಕಡೆ ಮುಂಗಾರಿನ ರಾಗಿ ಕೊಯ್ಲು ನವೆಂಬರ್-ಡಿಸೆಂಬರಿಗೆ ಬರುತ್ತದೆ. ಕಣ ಮುಗಿದು ಹೊಸ ರಾಗಿ ಚೆನ್ನಾಗಿ ಒಣಗಿರುವ ಸಂಕ್ರಾಂತಿಯ ಆಸುಪಾಸು ಕೊಳ್ಳಲು ತಕ್ಕ ಸಮಯ. 2025-26ರ ಹಂಗಾಮಿಗೆ ಕೇಂದ್ರ ಸರಕಾರ ರಾಗಿಗೆ ಗೊತ್ತುಪಡಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ, ಅಂದರೆ ಕಿಲೋಗೆ ಐವತ್ತರೊಳಗೆ. ಅದೇ ರಾಗಿ ಬಣ್ಣದ ಪೊಟ್ಟಣದಲ್ಲಿ ಪುಡಿಯಾಗಿ ಬಂದಾಗ ಎಷ್ಟಾಗುತ್ತದೆಂದು ನಿಮ್ಮ ಅಂಗಡಿಯಲ್ಲೇ ನೋಡಿ.

ಮಾಲ್ಟು ಮಾಡುವುದು ದೊಡ್ಡ ವಿದ್ಯೆಯಲ್ಲ. ರಾಗಿಯನ್ನು ಕಲ್ಲು-ಮಣ್ಣು ಹೋಗುವಂತೆ ತೊಳೆದು ರಾತ್ರಿಯೆಲ್ಲ ನೆನೆಸಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಒಂದು, ಒಂದೂವರೆ ದಿನಕ್ಕೆ ಬಿಳಿ ಮೊಳಕೆ ಇಣುಕುತ್ತದೆ. ಬಿಸಿಲಿಗೆ ಹರಡಿ ಗರಿಗರಿಯಾಗುವಂತೆ ಒಣಗಿಸಿ, ಅಂಗೈಯಲ್ಲಿ ಉಜ್ಜಿ ಮೊಳಕೆಯ ಬೇರು ತೂರಿ, ಘಮ ಬರುವಷ್ಟು ಮಾತ್ರ ಹುರಿಯಿರಿ. ಮೊಳಕೆ ಬಂದಾಗ ಕಾಳಿನಲ್ಲಿ ಪಿಷ್ಟವನ್ನು ಕರಗಿಸುವ ಕಿಣ್ವ ಹುಟ್ಟುತ್ತದೆ. ಅದರಿಂದ ಗಂಜಿ ತೆಳ್ಳಗಾಗಿ, ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಿಡಿಯುತ್ತದೆ, ಸಣ್ಣ ಹೊಟ್ಟೆಯ ಮಗುವಿಗೆ ಒಂದು ಬಟ್ಟಲಿನಲ್ಲೇ ಹೆಚ್ಚು ಆಹಾರ ಸೇರುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ ಇರುವುದೂ ನಿಮಗೆ ಗೊತ್ತಿರಬಹುದು. ಬೇರೆ ಯಾವ ಧಾನ್ಯದಲ್ಲಿಯೂ ಅಷ್ಟಿಲ್ಲ. ಆದರೆ ಒಂದು ಎಚ್ಚರಿಕೆ. ಮೊಳಕೆ ಕಟ್ಟುವ ಕೆಲಸ ಬಿಸಿಲಿರುವ ತಿಂಗಳುಗಳಲ್ಲಿಯೇ ಆಗಬೇಕು. ಮೋಡದ ದಿನಗಳಲ್ಲಿ ಅರೆಬರೆ ಒಣಗಿದ ಮೊಳಕೆಗೆ ಬೂಸ್ಟು ಹಿಡಿಯುತ್ತದೆ, ಹುರಿದರೂ ಆ ವಿಷ ಹೋಗುವುದಿಲ್ಲ. ಬಿಸಿಲಿನಲ್ಲಿ ಮಾಡಿದ ಮೊಳಕೆ ರಾಗಿಯನ್ನು ಕಾಳಾಗಿಯೇ ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು, ತಿಂಗಳಿಗೆ ಬೇಕಾದಷ್ಟನ್ನು ಗಿರಣಿಗೆ ಒಯ್ಯಿರಿ. ಶೇಂಗಾ, ಗೋಡಂಬಿ ಬೆರೆಸುವ ಆಸೆಯಿದ್ದರೆ ಅದನ್ನು ಬೇರೆಯಾಗಿ ವಾರಕ್ಕೊಮ್ಮೆ ಪುಡಿ ಮಾಡಿಕೊಳ್ಳಿ. ಬಣ್ಣಗೆಟ್ಟ, ಸುಕ್ಕುಗಟ್ಟಿದ, ಬೂಸ್ಟು ಹಿಡಿದ ಶೇಂಗಾ ಕಾಳನ್ನು ಆರಿಸಿ ಎಸೆಯಲೇಬೇಕು. ಅದರಲ್ಲಿರುವ ಅಫ್ಲಾಟಾಕ್ಸಿನ್ ಎಂಬ ವಿಷ ಪಿತ್ತಜನಕಾಂಗಕ್ಕೆ ಕೆಟ್ಟದ್ದು.

ಎಲ್ಲರಿಗೂ ಇದಕ್ಕೆ ಪುರಸೊತ್ತಿರುವುದಿಲ್ಲ, ಒಪ್ಪುತ್ತೇನೆ. ತಾಳವಾಡಿಯಿಂದ ಚಾಮರಾಜನಗರಕ್ಕೋ, ಜತ್ತದಿಂದ ವಿಜಯಪುರಕ್ಕೋ ಬಸ್ಸು ಹತ್ತಿ ಹೋದವರು, ಹೋದ ಖರ್ಚಿಗೆ ಎರಡು ತಿಂಗಳ ಸಾಮಾನು ಒಟ್ಟಿಗೆ ತರೋಣ ಎನ್ನುವುದೂ ನ್ಯಾಯವೇ. ಬಸ್ಸಿನ ಚಾರ್ಜನ್ನೂ ಬೆಲೆಗೆ ಕೂಡಿಸಿ ನೋಡಬೇಕಲ್ಲ. ಅಂಥವರು ಒಂದು ದೊಡ್ಡ ಡಬ್ಬಿಯ ಬದಲು ನಾಲ್ಕು ಸಣ್ಣ ಪೊಟ್ಟಣ ತನ್ನಿ. ಒಂದನ್ನು ತೆರೆದಾಗ ಉಳಿದ ಮೂರು ಮುದ್ರೆಯೊಳಗೇ ಇರುತ್ತವೆ. ಸ್ವಸಹಾಯ ಸಂಘದ ಹೆಂಗಸರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಸಣ್ಣ ಪೊಟ್ಟಣಗಳ ಇಡೀ ಪೆಟ್ಟಿಗೆಯನ್ನು ಸಗಟು ಅಂಗಡಿಯಲ್ಲಿ ಕೊಂಡು ಹತ್ತು ಮನೆಗೆ ಹಂಚಿಕೊಂಡರೆ, ಬೆಲೆಯೂ ಇಳಿಯುತ್ತದೆ, ಯಾರ ಮನೆಯಲ್ಲಿಯೂ ಪುಡಿ ಕೆಡುವುದಿಲ್ಲ. ದೊಡ್ಡ ಡಬ್ಬಿಯನ್ನೇ ತಂದಿದ್ದರೆ, ತೆರೆದ ದಿನವೇ ಒಣಗಿದ ಮೂರು-ನಾಲ್ಕು ಸಣ್ಣ ಡಬ್ಬಿಗಳಿಗೆ ತುಂಬಿ ಬಿಗಿಯಾಗಿ ಮುಚ್ಚಿ, ತೆರೆದ ತಾರೀಕನ್ನು ಮುಚ್ಚಳದ ಮೇಲೆ ಬರೆಯಿರಿ. ಕುದಿಯುವ ಹಾಲಿನ ಪಾತ್ರೆಯ ಮೇಲೆ ಡಬ್ಬಿ ಹಿಡಿದು ಚಮಚ ಹಾಕುವ ರೂಢಿ ಬಿಡಿ. ಹಬೆಯೆಲ್ಲ ಪುಡಿಗೆ ಇಳಿಯುತ್ತದೆ. ಫ್ರಿಜ್ಜಿನಿಂದ ದಿನವೂ ತೆಗೆದು ಇಡುವುದರಿಂದಲೂ ಡಬ್ಬಿಯೊಳಗೆ ನೀರಿನ ಪಸೆ ಕೂಡುತ್ತದೆ.

ಇನ್ನು ಪೊಟ್ಟಣದ ಮೇಲಿನ ಬರಹ. ನಾವು ಗಡಿಯವರು ಎರಡು ಲಿಪಿ ಓದುತ್ತೇವೆ, ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿಯೋ ತಮಿಳೋ ಮಲಯಾಳವೋ ತೆಲುಗೋ. ಆದರೆ ಕಾನೂನಿನ ಪ್ರಕಾರ ಪೊಟ್ಟಣದ ವಿವರ ಇಂಗ್ಲಿಷಿನಲ್ಲಿ ಅಥವಾ ದೇವನಾಗರಿಯ ಹಿಂದಿಯಲ್ಲಿ ಇದ್ದರೆ ಸಾಕು, ಬೇರೆ ಭಾಷೆ ಹಾಕುವುದು ಕಂಪನಿಯವರ ಇಷ್ಟ. ಶಾಲೆಗೆ ಹೋಗುವ ಮಗನನ್ನೋ ಮೊಮ್ಮಗಳನ್ನೋ ಕೂರಿಸಿಕೊಂಡು ಒಮ್ಮೆ ಓದಿಸಿ. 'ಬೆಸ್ಟ್ ಬಿಫೋರ್' ಎಂದರೆ ಆ ತಾರೀಕಿನವರೆಗೆ ರುಚಿ, ಗುಣ ಚೆನ್ನಾಗಿರುತ್ತದೆ ಎಂದು. 'ಯೂಸ್ ಬೈ' ಅಥವಾ 'ಎಕ್ಸ್‌ಪೈರಿ' ಎಂದರೆ ಆ ತಾರೀಕು ದಾಟಿದ ಮೇಲೆ ತಿನ್ನಲೇಬಾರದು ಎಂದು. ಹಬ್ಬದ ಹೊತ್ತಿಗೆ ಒಂದಕ್ಕೊಂದು ಉಚಿತ ಎಂದು ಬರುವ ಪೊಟ್ಟಣಗಳಲ್ಲಿ ಈ ತಾರೀಕನ್ನು ಮೊದಲು ನೋಡಿ. ಎಷ್ಟೋ ಸಲ ಅದು ಹತ್ತಿರ ಬಂದಿರುವುದೇ ಉಚಿತಕ್ಕೆ ಕಾರಣ. ಅದರಲ್ಲಿ ಬೆರೆಸಿದ ವಸ್ತುಗಳ ಪಟ್ಟಿಯೂ ಇರುತ್ತದೆ. ತೂಕದಲ್ಲಿ ಹೆಚ್ಚಿರುವುದನ್ನು ಮೊದಲು, ಕಡಿಮೆಯಿರುವುದನ್ನು ಆಮೇಲೆ ಬರೆಯಬೇಕೆಂಬುದು ನಿಯಮ. ರಾಗಿಯ ಚಿತ್ರವಿರುವ ಪೊಟ್ಟಣದ ಪಟ್ಟಿಯಲ್ಲಿ ಸಕ್ಕರೆಯೇ ಮೊದಲು ಬಂದರೆ ನೀವು ಕೊಳ್ಳುತ್ತಿರುವುದು ಮುಖ್ಯವಾಗಿ ಸಕ್ಕರೆಯನ್ನು. ಈಚಿನ ವರ್ಷಗಳಲ್ಲಿ ಗ್ರಾಮಿಗೆ ಅಥವಾ ಕಿಲೋಗೆ ಎಷ್ಟು ಬೆಲೆ ಎಂಬುದನ್ನೂ ಅಚ್ಚು ಹಾಕುತ್ತಾರೆ. ಸಣ್ಣದು-ದೊಡ್ಡದು ಹೋಲಿಸಲು ಅದು ಸುಲಭ. ಕೆಲವೊಮ್ಮೆ ದೊಡ್ಡದೇ ದುಬಾರಿ ಇರುವುದೂ ಉಂಟು.

'ಆರೋಗ್ಯ ಪಾನೀಯ' ಎಂಬ ಹೆಸರಿಗೆ ಮರುಳಾಗಬೇಡಿ. 2006ರ ಆಹಾರ ಸುರಕ್ಷತೆ ಕಾಯಿದೆಯಲ್ಲಿ ಅಂಥದೊಂದು ವರ್ಗವೇ ಇಲ್ಲ. 2024ರ ಏಪ್ರಿಲ್‌ನಲ್ಲಿ ಕೇಂದ್ರದ ವಾಣಿಜ್ಯ ಸಚಿವಾಲಯ, ಬೋರ್ನ್‌ವೀಟಾ ಮೊದಲಾದವನ್ನು ಆ ಹೆಸರಿನ ಪಟ್ಟಿಯಿಂದ ತೆಗೆಯುವಂತೆ ಆನ್‌ಲೈನ್ ಅಂಗಡಿಗಳಿಗೆ ಸೂಚಿಸಿತು. ಅದೇ ತಿಂಗಳು ಹಾರ್ಲಿಕ್ಸ್ ಕಂಪನಿಯವರೂ ತಮ್ಮ ಪುಡಿಯ ವರ್ಗದ ಹೆಸರು ಬದಲಿಸಿದರು.

ಮನೆಯಲ್ಲಿ ಆರು ತಿಂಗಳಿಂದ ಮೂರು ವರ್ಷದೊಳಗಿನ ಮಗುವಿದ್ದರೆ, ಪುಡಿಗೆ ಹಣ ಹಾಕುವ ಮುಂಚೆ ಅಂಗನವಾಡಿಗೆ ಹೋಗಿ ಬನ್ನಿ. ಕೇರಳದಲ್ಲಿ ಕುಟುಂಬಶ್ರೀಯ ಹೆಂಗಸರು ತಯಾರಿಸುವ ಅಮೃತಂ ಪುಡಿ ಸಿಗುತ್ತದೆ. ಗೋಧಿ, ಕಡಲೆ, ಸೋಯಾ, ನೆಲಗಡಲೆ, ಸಕ್ಕರೆ ಸೇರಿದ ಆ ಮಿಶ್ರಣವನ್ನು ರೂಪಿಸಿದ್ದು ನಮ್ಮ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ. ತಮಿಳುನಾಡಿನಲ್ಲಿ ಸತ್ತುಮಾವು, ತೆಲಂಗಾಣದಲ್ಲಿ ಬಾಲಾಮೃತಂ, ಮಹಾರಾಷ್ಟ್ರದಲ್ಲಿ ಮನೆಗೆ ಒಯ್ಯುವ ಆಹಾರದ ಪೊಟ್ಟಣ. ಇದನ್ನು ದನಕ್ಕೆ ಹಾಕಿ, ಅಂಗಡಿಯ ಡಬ್ಬಿಯನ್ನು ಸಾಲಕ್ಕೆ ತರುವ ಮನೆಗಳೂ ಇವೆ. ಹಾಗೆ ಮಾಡಬೇಡಿ. ಆರು ತಿಂಗಳು ತುಂಬದ ಕೂಸಿಗೆ ತಾಯಿಯ ಹಾಲು ಬಿಟ್ಟು ಯಾವ ಪುಡಿಯೂ ಬೇಡ.

ಸಕ್ಕರೆ ಕಾಯಿಲೆಯವರು 'ಸಕ್ಕರೆ ಬೆರೆಸಿಲ್ಲ' ಎಂಬ ಬರಹ ನೋಡಿ ದೊಡ್ಡ ಡಬ್ಬಿ ತರುತ್ತಾರೆ. ನುಣ್ಣಗೆ ಬೀಸಿದ ಹಿಟ್ಟಿನ ತೆಳು ಗಂಜಿ, ರಾಗಿಯದೇ ಆದರೂ, ಮುದ್ದೆಗಿಂತ ಬೇಗ ರಕ್ತದ ಸಕ್ಕರೆ ಏರಿಸಬಲ್ಲದು. ಮೊದಲು ಸಣ್ಣ ಪೊಟ್ಟಣ ತಂದು, ಕುಡಿದು, ರಕ್ತ ಪರೀಕ್ಷೆ ಮಾಡಿಸಿ ನೋಡಿ. ಮೂತ್ರಪಿಂಡದ ತೊಂದರೆ ಇರುವವರು ಪ್ರೋಟೀನ್ ಪುಡಿಯನ್ನು ವೈದ್ಯರನ್ನು ಕೇಳದೆ ಮುಟ್ಟಬಾರದು. ಸೈನ್ಯಕ್ಕೆ, ಪೊಲೀಸಿಗೆ ಸೇರಲು ಓಟ-ಕಸರತ್ತು ಮಾಡುವ ಹುಡುಗರೂ ಸಾವಿರಾರು ರೂಪಾಯಿಯ ಪ್ರೋಟೀನ್ ಡಬ್ಬಿಯನ್ನು ಒಮ್ಮೆಲೇ ಕೊಳ್ಳುವುದು ಹೆಚ್ಚಿದೆ. ಆ ಹಣಕ್ಕೆ ಎಷ್ಟು ಮೊಟ್ಟೆ, ಎಷ್ಟು ಹಾಲು, ಎಷ್ಟು ಹುರಿಗಡಲೆ ಬರುತ್ತದೆಂದು ಒಮ್ಮೆ ಲೆಕ್ಕ ಹಾಕಿ ನೋಡಿ ತಮ್ಮಂದಿರೆ. ಕೊಳ್ಳಲೇಬೇಕಾದರೆ ಮುದ್ರೆ ಒಡೆಯದ, ಬಿಲ್ಲು ಕೊಡುವ ಅಂಗಡಿಯಿಂದ, ಅದೂ ಮೊದಲು ಸಣ್ಣದನ್ನೇ ಕೊಳ್ಳಿ.

ಕೊನೆಯದಾಗಿ, ಮನೆ ಬಾಗಿಲಿಗೆ ಬರುವ ಪುಡಿ. ನೆಂಟರೋ ಪರಿಚಯದವರೋ ಬಂದು, ಆರು ಡಬ್ಬಿ ಒಟ್ಟಿಗೆ ಕೊಂಡರೆ ಸದಸ್ಯತ್ವ, ಇನ್ನಿಬ್ಬರನ್ನು ಸೇರಿಸಿದರೆ ಹಾಕಿದ ಹಣ ವಾಪಸು ಎನ್ನುತ್ತಾರೆ. ಇದರಲ್ಲಿ ಡಬ್ಬಿಗಿಂತ ದಾಕ್ಷಿಣ್ಯದ ತೂಕವೇ ಹೆಚ್ಚು. 2021ರ ನೇರ ಮಾರಾಟ ನಿಯಮಗಳ ಪ್ರಕಾರ, ಬೇರೆಯವರನ್ನು ತಂದರೆ ಬೆಲೆ ವಾಪಸಾಗುತ್ತದೆಂದು ಆಸೆ ಹುಟ್ಟಿಸಿ ಮಾರುವುದು ತಪ್ಪು, ಸೇರಲು ಶುಲ್ಕ ಕೇಳುವುದೂ ತಪ್ಪು. "ನೀವೇ ಒಂದು ತಿಂಗಳದ್ದು ಕೊಡಿ ಚಿಕ್ಕಮ್ಮಾ, ಹಿಡಿಸಿದರೆ ಮುಂದಿನದು ನೋಡೋಣ" ಎಂದರೆ ಮನಸ್ಸೂ ಕೆಡುವುದಿಲ್ಲ, ಗಂಟೂ ಉಳಿಯುತ್ತದೆ. ಪೊಟ್ಟಣದ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ ಹದಿನಾಲ್ಕು ಅಂಕಿಯ ಸಂಖ್ಯೆ ಇದೆಯೇ ನೋಡಿ, ಬಿಲ್ಲು ಕೇಳಿ ಪಡೆಯಿರಿ. ಅಚ್ಚಾದ ಬೆಲೆಗಿಂತ ಹೆಚ್ಚು ತೆಗೆದುಕೊಂಡರೆ, ತಾರೀಕು ಮೀರಿದ ಮಾಲು ಕೊಟ್ಟರೆ, ನೀವು ಯಾವ ರಾಜ್ಯದಲ್ಲಿ ಕೊಂಡಿದ್ದರೂ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ 1915 ಎಂಬ ಸಂಖ್ಯೆಯಲ್ಲಿ ದೂರು ಹೇಳಬಹುದು. ದೂರು ಹೇಳುವಾಗ ಬಿಲ್ಲು ಮತ್ತು ಖಾಲಿ ಪೊಟ್ಟಣ ಎರಡೂ ಕೈಯಲ್ಲಿರಲಿ.